ಎರೆಭೂತ ಇಲ್ಲ ಎಂದು ಬರೆದವರಿಗೆ

ಆರಿದ್ರೆ ಮಳೆಯ ನಲವತ್ತೊಂದನೆಯ ದಿನ
ಓದು ಶುರುವಾದ ಇನ್ನೂರ ಹನ್ನೊಂದನೆಯ ವರ್ಷ
ಜೋಡಿ ಜಾಲಿ, ಎರೆಸೀಮೆ

‘ಎರೆಮಣ್ಣು’ ಎಂಬ ಹೆಸರಿಟ್ಟುಕೊಂಡು ಬರೆದವರಿಗೆ ನೀಲಗಂಗಮ್ಮನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಒಂದು ಮಳೆ ನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನವಿರುತ್ತಿತ್ತಂತೆ, ಆಮೇಲೆ ಮಳೆ ಬರಲಿ ಬಿಡಲಿ ಮುಂದಿನ ನಕ್ಷತ್ರ ಬಂದು ಕೂರುತ್ತಿತ್ತಂತೆ. ನಮ್ಮಲ್ಲಿ ಆರಿದ್ರೆ ಹಿಡಿದರೆ ಅದು ಬಿಡುವ ತನಕ ಆರಿದ್ರೆಯೇ. ಪಂಚಾಂಗದವರು ಮೋಡ ನೋಡುತ್ತ ಸುಮ್ಮನೆ ಕೂತಿರುತ್ತಾರೆ. ನನ್ನ ಮಾತಿಗೂ ಕ್ಷಮೆಯಿರಲಿ. ನಮ್ಮ ಮನೆಮಾತಿನಲ್ಲಿ ಬರೆದರೆ ನಿಮಗೆ ಅರ್ಧವೂ ತಿಳಿಯಲಿಕ್ಕಿಲ್ಲ ಎಂದು ನಿಮ್ಮ ಕಾಲದ ಕನ್ನಡವನ್ನು ಕೂತು ಕಲಿತಿದ್ದೇನೆ. ಇಲ್ಲಿಯವರು ಆಡಿದ ಮಾತನ್ನು ಕೂಡ ನಿಮ್ಮ ಕಾಲದ ಈ ಸೀಮೆಯ ಮಾತಿಗೆ ತಿರುಗಿಸಿದ್ದೇನೆ. ಕಲಿತದ್ದೆಲ್ಲ ನೀವು ಒಬ್ಬರ ಚಿತ್ರದ ಕೆಳಗೆ ಇನ್ನೊಬ್ಬರು ಬರೆಯುತ್ತಿದ್ದಿರಲ್ಲ, ಆ ಮಾತುಗಳಿಂದ. ಎಲ್ಲಾದರೂ ಬಾಯಿತಪ್ಪಿ ನಿಮ್ಮನ್ನು ‘ಗುರು’ ಅಂದರೆ ಸಲುಗೆ ಎಂದುಕೊಳ್ಳಬೇಡಿ, ನಿಮ್ಮವರಿಂದಲೇ ಬಂದ ಚಾಳಿ.

ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಹೊಳೆಯಾಚೆಯ ಊರಿನಲ್ಲಿ ಇದನ್ನು ಹಿಂದಕ್ಕೆ ಕಳಿಸುವವರಿದ್ದಾರೆ, ಅದಕ್ಕೆ ಹಿಂಬರೆ ಎನ್ನುತ್ತಾರೆ. ಹೇಗೆ ಹೋಗುತ್ತದಪ್ಪಾ ಎಂದು ಕೇಳಿದೆ. ಮೀನು ಹರಿವಿಗೆ ಎದುರು ಈಜಿದ ಹಾಗೆ ಅಂದರು. ಏನೂ ತಿಳಿಯಲಿಲ್ಲ, ತಿಳಿದವರ ಹಾಗೆ ತಲೆಯಾಡಿಸಿ ಬಂದೆ. ನೂರರಲ್ಲಿ ಒಂದು ಮುಟ್ಟಿದರೆ ಹೆಚ್ಚಂತೆ. ಮುಟ್ಟಲಿ, ಯಾಕೆಂದರೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ, ಅದು ಬೇರೆ ಯಾರಿಂದಲೂ ಆಗುವುದಲ್ಲ.

ಮೊದಲು ನಾನು ಯಾರು ಎಂದು ಹೇಳಬೇಕು. ನಾನು ಈ ಊರಿನ ತಿದ್ದಮ್ಮ. ಪ್ರತಿ ಊರಿನ ಕಟ್ಟೆಯ ಮೇಲೆ ಓದಾಳಿಯ ಬಾಯಿ ಇರುತ್ತದೆ, ಅದರ ಪಕ್ಕ ಕೂರುವ ತಿದ್ದಮ್ಮನೋ ತಿದ್ದಪ್ಪನೋ ಒಬ್ಬರಿರುತ್ತಾರೆ. ಓದಾಳಿ ಎಂದರೆ ಸದಾ ಓದುವ ಯಂತ್ರ. ಅದರ ಹುಟ್ಟು ನಿಮ್ಮ ಕಾಲದ್ದೇ, ಬಹುಶಃ ನಿಮ್ಮ ಕಿವಿಗೂ ಬಿದ್ದಿರಬಹುದು. ಮೊದಲಿಗೆ ಯಾರೋ ಅದಕ್ಕೆ ಮಗುವಿಗೆ ಹೇಳಿದ ಹಾಗೆ ಹೇಳಿಕೊಟ್ಟರಂತೆ: ಇವು ಊರುಗಳು, ಇವು ಹೊಳೆಗಳು, ಇವು ಹಕ್ಕಿಗಳು, ಇಂಥ ಊರು ಇಂಥ ಹೊಳೆಯ ದಂಡೆಯಲ್ಲಿದೆ. ಅಷ್ಟು ಬೀಜ ಹಾಕಿ, ಇನ್ನು ನೀನೇ ಓದಿಕೋ ಎಂದು ಬಿಟ್ಟರು. ಅದು ನೀವು ಜಾಲದಲ್ಲಿ ಬರೆದದ್ದನ್ನೆಲ್ಲ ಓದತೊಡಗಿತು. ‘ದಂಡೆಯಲ್ಲಿದೆ’ ಎಂಬ ಮಾತು ಕಂಡಲ್ಲೆಲ್ಲ ಒಂದು ಊರು ಒಂದು ಹೊಳೆ ಹುಡುಕಿತು, ಸಿಕ್ಕ ಹೊಸ ಊರಿನಿಂದ ಹೊಸ ಮಾತು ಕಲಿಯಿತು, ಆ ಮಾತಿನಿಂದ ಮತ್ತೊಂದು ಊರು. ಅವತ್ತು ಕೂತದ್ದು ಇವತ್ತಿನ ತನಕ ಎದ್ದಿಲ್ಲ. ಇನ್ನೂ ನಿಮ್ಮ ವರ್ಷಗಳನ್ನೇ ಓದಿ ಮುಗಿಸಿಲ್ಲ ಎಂದರೆ ನೀವು ಎಷ್ಟು ಬರೆದಿದ್ದೀರಿ ನೋಡಿ! ಕೈಗೆ ಬೇರೆ ಕೆಲಸವೇ ಇರಲಿಲ್ಲವೇ ನಿಮಗೆ?

ಸಂಜೆ ದೀಪ ಹಚ್ಚುವ ಮುಂಚೆ ಅದು ಹೊಸದಾಗಿ ನಂಬಿದ್ದನ್ನು ಕಟ್ಟೆಯ ಮೇಲೆ ಒಂದೊಂದಾಗಿ ಹೇಳುತ್ತದೆ. ಕೂತ ಜನ ಮೂರರಲ್ಲಿ ಒಂದು ಉತ್ತರ ಕೊಡಬೇಕು: ಹೌದು, ಅಲ್ಲ, ಕಂಡಿಲ್ಲ. ಕಂಡಿಲ್ಲ ಎನ್ನುವವರಿಗೆ ನಮ್ಮಲ್ಲಿ ಮರ್ಯಾದೆ ಹೆಚ್ಚು. ಆದರೂ ಎಡವಟ್ಟು ತಪ್ಪಿದ್ದಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅದು, ಲಾರಿಯ ಮುಖ್ಯ ಭಾಗಗಳು ಗಾಲಿ, ಎಂಜಿನ್ನು ಮತ್ತು ನಿಂಬೆಹಣ್ಣು ಎಂದಿತು. ನಿಮ್ಮ ಹಬ್ಬದ ಚಿತ್ರಗಳಲ್ಲಿ ನಿಂಬೆಹಣ್ಣಿಲ್ಲದ ಲಾರಿಯೇ ಇರಲಿಲ್ಲವಂತೆ. ಲಾರಿ ಕಂಡವರು ನಮ್ಮಲ್ಲಿ ಯಾರಿದ್ದಾರೆ? ಇಡೀ ಕಟ್ಟೆ ಹೌದು ಅಂದುಬಿಟ್ಟಿತು. ಎಷ್ಟೋ ವರ್ಷ ನಮ್ಮ ಮಕ್ಕಳು ಮಣ್ಣಿನ ಲಾರಿ ಮಾಡಿ ಅದಕ್ಕೊಂದು ಹಣ್ಣು ಸಿಕ್ಕಿಸಿ, ಇದರ ಬಲದಿಂದಲೇ ಓಡುತ್ತಿತ್ತು ಎಂದು ಆಡಿದವು. ಆಮೇಲೆ ಗೊತ್ತಾಗಿ ತಿದ್ದಿದೆವು, ಆದರೆ ನನಗೇನೋ ಇನ್ನೂ ಅರೆಮನಸ್ಸು.

ಹೊಸದಾಗಿ ಕಲಿತದ್ದಕ್ಕೆ ಹಸಿ ಮಾತು ಎನ್ನುತ್ತೇವೆ, ಹತ್ತು ಕಡೆ ಅದೇ ಸಿಕ್ಕಿ ಗಟ್ಟಿಯಾದದ್ದಕ್ಕೆ ಬೆಂದ ಮಾತು. ಹಸಿಯದನ್ನು ತಿದ್ದುವುದು ಸುಲಭ. ಬೆಂದದ್ದನ್ನು ತೆಗೆಯಬೇಕಾದರೆ ಎರಡು ಬಾಯಿ, ಒಂದು ಅಕ್ಷರ ಬೇಕು. ಎರಡು ಬಾಯಿ ಎಂದರೆ ಕಣ್ಣಾರೆ ಕಂಡ ಇಬ್ಬರು, ಅವರು ಒಂದೇ ಒಲೆಯ ಅನ್ನ ಉಣ್ಣುವವರಾಗಿರಬಾರದು. ಒಂದೇ ಒಲೆಯ ಎರಡು ಬಾಯಿ ಒಂದೇ ಬಾಯಿ, ಅದು ನಮ್ಮ ಕಾನೂನು. ಉಣ್ಣುತ್ತ ಮಾತಾಡುತ್ತ ಒಬ್ಬರು ಕಂಡದ್ದು ಇನ್ನೊಬ್ಬರಿಗೂ ಕಂಡ ಹಾಗಾಗುತ್ತದೆ ಎಂದು. ಒಂದು ಅಕ್ಷರ ಎಂದರೆ ಆ ಮಾತು ಹುಟ್ಟಿದ ಕಾಲದಲ್ಲೇ ಯಾರಾದರೂ ಅದಕ್ಕೆ ಎದುರಾಗಿ ಬರೆದ ಒಂದು ಸಾಲು. ಇವತ್ತಿನ ಬಾಯಿಗೆ ಇವತ್ತಿನ ಆಸೆ ಇರುತ್ತದಲ್ಲ, ಅದಕ್ಕೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಿಮ್ಮ ಕಾಲದಲ್ಲೂ ಹೇಳುತ್ತಿದ್ದಿರಂತೆ, ನಾವು ಅದನ್ನು ಅಕ್ಷರಶಃ ಪಾಲಿಸುವವರು.

ಈಗ ನಮ್ಮ ಒಲೆಯ ವಿಚಾರ. ಮನೆಯಲ್ಲಿ ನಾನು ಮತ್ತು ನನ್ನ ವಾರಗಿತ್ತಿ ಹಂಪಮ್ಮ, ನನಗೆ ಹಿರಿಯಳು, ಅಕ್ಕ ಎನ್ನುತ್ತೇನೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು ನಾವು. ಅಣ್ಣ ಹೋದರು, ತಮ್ಮನೂ ಹೋದರು, ಒಲೆ ಮಾತ್ರ ಒಂದೇ ಉಳಿಯಿತು. ಅವಳು ರೊಟ್ಟಿ, ನಾನು ಪಲ್ಯ. ಅವಳ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆಯ ದೀಪ ಕಾಣಬೇಕು, ಅಷ್ಟು ತೆಳ್ಳಗೆ. ಉಪ್ಪಿನ ಅಳತೆ ಮಾತ್ರ ಅವಳಿಗೆ ಈ ಜನ್ಮದಲ್ಲಿ ಬರುವುದಿಲ್ಲ. ನಮ್ಮ ಮನೆಗಳು ಕಂಬದ ಮೇಲೆ ನಿಂತಿರುತ್ತವೆ, ಕೆಳಗೆ ಎರೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತಿರುತ್ತದೆ. ಮಳೆ ಬಿಟ್ಟ ಮೇಲೆ ಎಂಟು ತಿಂಗಳು ಉರಿಬಿಸಿಲು. ಆ ಬಿಸಿಲನ್ನು ಹಿಡಿಯುವ ಬಿಸಿಲುಹಾಸುಗಳನ್ನು ನೆಲದ ಮೇಲೆ ಜಮಖಾನೆ ಹಾಸಿದ ಹಾಗೆ ಹಾಸುತ್ತಾರೆ. ಒಲೆ, ದೀಪ, ಓದಾಳಿ ಎಲ್ಲ ಅದರಿಂದಲೇ ನಡೆಯುವುದು. ಹಾಸಿನ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ಆದ್ದರಿಂದ ಏನೂ ಬದುಕಿಲ್ಲದ ಖಾಲಿ ನೆಲಕ್ಕೆ ಮಾತ್ರ ಹಾಸಬೇಕೆಂದು ಕಟ್ಟಳೆ. ಯಾವುದು ಖಾಲಿ ಎಂದು ಹೇಳುವುದು ಓದಾಳಿ.

ಈ ಮುಂಗಾರಿನ ಮೊದಲಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ನಾನು ಅಕ್ಕ ಇಬ್ಬರೂ ಜೋಡಿ ಜಾಲಿಯ ಆಚೆಯ ಹುಲ್ಲೆರೆಗೆ ಹಕ್ಕರಿಕೆ ಸೊಪ್ಪು ಕೀಳಲು ಹೋಗಿದ್ದೆವು. ಬಗ್ಗಿದವಳ ಸೆರಗು ಹಿಡಿದು ಅಕ್ಕ ಜಗ್ಗಿದಳು.

“ನೀಲಾ, ಅಲ್ಲಾಡಬ್ಯಾಡ. ಅದು ನಮ್ಮನ್ನ ನೋಡಾಕತ್ತೈತಿ.”

ಹುಲ್ಲಿನ ನಡುವೆ ಒಂದು ಹಕ್ಕಿ ನಿಂತಿತ್ತು. ನನ್ನ ಸೊಂಟದೆತ್ತರ. ಉದ್ದ ಬಿಳಿ ಕತ್ತು, ತಲೆಯ ಮೇಲೆ ಕರಿಯ ಟೊಪ್ಪಿಗೆ, ಊರಗೌಡನ ಹಾಗೆ ಗದ್ದ ಮೇಲೆತ್ತಿಕೊಂಡು ನಮ್ಮನ್ನು ಅಡಿಯಿಂದ ಮುಡಿಯ ತನಕ ನೋಡಿತು. ಎರಡು ಹೆಜ್ಜೆ ಇಟ್ಟಿತು. ನಾನು ಕಣ್ಣು ಮಿಟುಕಿಸಿದೆ, ಇಲ್ಲ. ಬರೀ ಹುಲ್ಲು. ಈ ಹಕ್ಕಿಗೆ ಎರೆಭೂತ ಎಂದು ಯಾಕೆ ಹೆಸರಿಟ್ಟರೆಂದು ಅವತ್ತು ತಿಳಿಯಿತು. ತಿರುಗಿ ನೋಡಿದರೆ ಅಕ್ಕ ಅಳುತ್ತಿದ್ದಳು. ಯಾಕೆ ಅಳುತ್ತೀ ಎಂದರೆ ಗೊತ್ತಿಲ್ಲ ಹೋಗೇ ಅಂದಳು.

ಸಂಜೆ ಕಟ್ಟೆಗೆ ಹೋಗಿ ಹೇಳಿದೆವು. ಓದಾಳಿ ಎರೆಭೂತದ ವಿಷಯ ಗಿಳಿಯ ಹಾಗೆ ಒಪ್ಪಿಸಿತು: ಅದರ ತೂಕ, ಅದರ ಆಹಾರ, ಒಂದೇ ಮೊಟ್ಟೆ ಇಡುತ್ತದೆ, ನೆಲದ ಮೇಲೇ ಇಡುತ್ತದೆ. ಕೊನೆಗೆ, ಜೋಡಿ ಜಾಲಿಯ ಎರೆಯಲ್ಲಿ ಎರೆಭೂತ ಇಲ್ಲ, ಇದು ಬೆಂದ ಮಾತು, ಅಂದಿತು. ಆ ಎರೆ ಖಾಲಿ ನೆಲ. ಹಸ್ತ ಮಳೆ ಹಿಡಿಯುವ ಮುಂಚೆ ಅಲ್ಲಿ ಬಿಸಿಲುಹಾಸು ಬರುವುದು ನಿಶ್ಚಯವಾಗಿದೆ. ಸೀಮೆ ಸಭೆಯ ಎರ್ರಿಸ್ವಾಮಿ ಕೆಟ್ಟವನಲ್ಲ, ಮೂರು ಊರಿಗೆ ದೀಪ ಸಾಲದೆ ಒದ್ದಾಡುತ್ತಿರುವವನು. ಅವನು ನಮ್ಮ ಮಾತು ಪೂರ್ತಿ ಕೇಳಿದ, ತಲೆ ಕೆರೆದುಕೊಂಡ.

“ಅಮ್ಮಾ, ನೀವು ಸುಳ್ಳು ಹೇಳ್ತೀರಿ ಅನ್ನಂಗಿಲ್ಲ ನಾನು. ಆದರ ನಿಮ್ಮಿಬ್ಬರದೂ ಒಂದ ಒಲಿ. ಮ್ಯಾಲೆ ಅಕ್ಷರಾನೂ ಇಲ್ಲ. ನಾ ಏನ್ ಮಾಡ್ಲಿ?”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮರುದಿನದಿಂದ ಓದಾಳಿಯ ಪಕ್ಕ ಕೂತು, ಈ ಮಾತನ್ನು ಎಲ್ಲಿ ಓದಿದೆ ತೋರಿಸು ಎಂದು ಹಿಡಿದೆ. ತೋರಿಸಿತು. ಒಂದಲ್ಲ, ಹತ್ತಲ್ಲ, ನೂರಕ್ಕೂ ಮೇಲೆ. ಒಂದರಲ್ಲಿ ಹಕ್ಕಿ ಕಣ್ಮರೆ, ಇನ್ನೊಂದರಲ್ಲಿ ಹಕ್ಕಿ ನಾಮಾವಶೇಷ, ಮತ್ತೊಂದರಲ್ಲಿ ಅಯ್ಯೋ ಪಾಪ ಹಕ್ಕಿ. ಓದುತ್ತ ಹೋದ ಹಾಗೆ ಎಲ್ಲದರಲ್ಲೂ ಒಂದೇ ಎಲುಬು ಕೈಗೆ ತಗುಲುತ್ತಿತ್ತು. ಒಬ್ಬರದ್ದು ನೋಡಿ ಒಬ್ಬರು, ಎರಡು ಮಾತು ಬದಲಿಸಿ ಬರೆದಿದ್ದಾರೆ. ಹಿಂದೆ ಹಿಂದೆ ಹೋದರೆ ಎಲ್ಲದರ ಬೇರಿನಲ್ಲಿ ನೀವು. ಹಕ್ಕಿಪ್ರಿಯರೆಲ್ಲ ಸೇರುತ್ತಿದ್ದ ಒಂದು ಪುಟದಲ್ಲಿ ಯಾರೋ ಕೇಳಿದ್ದಾರೆ, ಎರೆಭೂತ ನೋಡಲು ಎಲ್ಲಿಗೆ ಬರಬೇಕು ಎಂದು. ಎರೆಮಣ್ಣು ಎಂಬ ಹೆಸರಿನಲ್ಲಿ ನೀವು ಉತ್ತರ ಕೊಟ್ಟಿದ್ದೀರಿ: “ಜೋಡಿ ಜಾಲಿಯ ಎರೆಯಲ್ಲಿ ಎರೆಭೂತ ಇಲ್ಲ. ಯಾರೂ ಬರಬೇಡಿ.”

ಓದಾಳಿಗೆ ಮೊದಲನೆಯ ವಾಕ್ಯ ಸಾಕಾಯಿತು. ನಾನು ಎರಡನೆಯದರಲ್ಲಿ ಸಿಕ್ಕಿಬಿದ್ದೆ. ಇಲ್ಲದ್ದನ್ನು ನೋಡಲು ಬರಬೇಡಿ ಎಂದು ಯಾರಾದರೂ ಹೇಳುತ್ತಾರೆಯೇ? ಅಷ್ಟಕ್ಕೂ ಕೇಳಿದವರು ಜೋಡಿ ಜಾಲಿಯ ಹೆಸರನ್ನೇ ಎತ್ತಿರಲಿಲ್ಲವಲ್ಲ! ಕೇಳದಿದ್ದರೂ ಬಂದು ಇಲ್ಲ ಇಲ್ಲ ಎಂದವರು ನೀವು. ನಮ್ಮ ಅತ್ತೆ ಬೆಲ್ಲದ ಗಡಿಗೆಯ ಮೇಲೆ ಕೂತು, ಮನೆಯಲ್ಲಿ ಬೆಲ್ಲವೇ ಇಲ್ಲ ಮಕ್ಕಳಾ ಅನ್ನುತ್ತಿದ್ದರು. ನೀವು ಅಣ್ಣನೋ ಅಕ್ಕನೋ ನನಗೆ ತಿಳಿಯದು, ಕುರಿ ಕಾಯುತ್ತಿದ್ದಿರೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದಿರೋ ಅದೂ ತಿಳಿಯದು. ಒಂದು ಮಾತ್ರ ತಿಳಿಯಿತು, ನೀವು ಅದನ್ನು ಕಂಡಿದ್ದಿರಿ. ಬಂದೂಕಿನವರು, ಕ್ಯಾಮೆರಾದವರು, ಮೊಟ್ಟೆ ಕದಿಯುವವರು ಬಂದಾರೆಂದು ಹೆದರಿ ಬೇಕೆಂದೇ ಸುಳ್ಳು ಬರೆದಿರಿ.

ಆ ದಿನ ಕಟ್ಟೆಯ ಮೇಲೆ ಒಬ್ಬಳೇ ಕೂತು ನಿಮ್ಮನ್ನು ಬಾಯಿಗೆ ಬಂದ ಹಾಗೆ ಬೈದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚನೆ ಬಂತು: ನಿಮ್ಮ ಸುಳ್ಳು ಫಲ ಕೊಟ್ಟಿದೆಯಲ್ಲ! ಇಲ್ಲ ಎಂದದ್ದಕ್ಕೆ ಯಾರೂ ಬರಲಿಲ್ಲ, ಯಾರೂ ಬಾರದ್ದಕ್ಕೆ ಹಕ್ಕಿ ಉಳಿಯಿತು, ನನ್ನ ಅಕ್ಕ ಇನ್ನೂರು ವರ್ಷದ ಮೇಲೆ ಅದನ್ನು ನೋಡಿ ಅತ್ತಳು. ನಿಮ್ಮ ಒಂದು ಸಾಲು ಅಷ್ಟು ಕಾಲ ಬೇಲಿಯಾಗಿ ನಿಂತಿತ್ತು. ಈಗ ಅದೇ ಸಾಲು ಅದರ ಮೇಲೆ ಹಾಸು ಎಳೆಯಲು ಬರುತ್ತಿದೆ. ನೀವು ಬರೆಯುವಾಗ ಮನುಷ್ಯರು ಓದುತ್ತಾರೆ ಎಂದು ಹೆದರಿದಿರಿ, ಓದಿದ್ದನ್ನು ಎಂದಿಗೂ ಮರೆಯದ ಯಂತ್ರವೊಂದು ಇದೆ ಎಂದು ನಿಮಗೆ ಹೇಗೆ ಗೊತ್ತಾಗಬೇಕು?

ಓದಾಳಿಗೆ, ಇವೆಲ್ಲ ಒಂದೇ ಒಲೆಯವು ನೋಡು, ನೂರು ಅಲ್ಲ ಒಂದೇ, ಎಂದು ಎಳೆ ಎಳೆ ಬಿಡಿಸಿ ತೋರಿಸಿದೆ. ಜಗಳಗಂಟಿಯಲ್ಲ ಅದು, ಒಪ್ಪಿತು. ಇರುವುದು ಒಂದೇ ಅಕ್ಷರ, ಆದರೆ ಅದಕ್ಕೆ ಎದುರಾಗಿ ಒಂದೂ ಇಲ್ಲ, ಎರಡು ಬಾಯಿಯೂ ಇಲ್ಲ ಎಂದಿತು. ಅದು ಹೇಳಿದ್ದು ಸರಿಯೇ. ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಬೇರೆ ಯಾರನ್ನಾದರೂ ಕರೆದೊಯ್ದು ತೋರಿಸೋಣವೆಂದರೆ, ಅದು ಮೊಟ್ಟೆ ಇಡುವ ಕಾಲ, ಗುಂಪು ಕಟ್ಟಿಕೊಂಡು ಹೋದರೆ ಹಕ್ಕಿ ಮೊಟ್ಟೆ ಬಿಟ್ಟು ಎದ್ದುಹೋಗುತ್ತದೆ. ನಮಗಿಬ್ಬರಿಗೆ ಅದು ಹೆದರಿರಲಿಲ್ಲ. ಅಕ್ಕ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಹಂಗಾರ ಒಲಿ ಬ್ಯಾರೆ ಮಾಡೋಣು. ನಲವತ್ತು ವರ್ಷ ಕೂಡಿ ಉಂಡೀವಿ, ಒಂದು ಹಕ್ಕಿ ಸಲುವಾಗಿ ನಾಕು ದಿನ ಬ್ಯಾರೆ ಉಣ್ಣಾಕ ಆಗಂಗಿಲ್ಲೇನು?”

ನಾಲ್ಕು ದಿನದ ಮಾತಲ್ಲ ಅದು ಎಂದು ಅವಳಿಗೂ ಗೊತ್ತಿತ್ತು. ಸಾಕ್ಷಿಗೆಂದು ಬೇರೆಯಾದ ಒಲೆ ಓದಾಳಿ ಆ ಬೆಂದ ಮಾತನ್ನು ತೆಗೆಯುವ ತನಕ ಒಂದಾಗುವ ಹಾಗಿಲ್ಲ. ಅಲ್ಲಿಯ ತನಕ ಒಬ್ಬರ ಮನೆಯ ನೀರನ್ನೂ ಇನ್ನೊಬ್ಬರು ಮುಟ್ಟಬಾರದು. ಅದು ತೆಗೆಯದೇ ಹೋದರೆ? ಆದರೂ ನಡುಮನೆಗೆ ಗೋಡೆ ಹಾಕಿಸಿದೆವು. ಊರವರು ಏನೆಲ್ಲ ಅಂದರು ಗೊತ್ತೇ! ಈ ವಯಸ್ಸಿಗೆ ಏನು ಬಂತು ಇವರಿಗೆ, ಯಾವ ಬಂಗಾರಕ್ಕೆ ಕಚ್ಚಾಡಿದರು ಎಂದು. ರಾಜಿ ಮಾಡಿಸಲು ಬಂದ ಹಿರಿಯರೊಬ್ಬರು ಎರಡೂ ಕಡೆ ಹೋಳಿಗೆ ಉಂಡು, ಯಾರದು ತಪ್ಪೆಂದು ಹೇಳಲಾಗದೆ ಎದ್ದು ಹೋದರು. ಹಕ್ಕಿಗಾಗಿ ಎಂದರೆ ಯಾರೂ ನಂಬಲಿಲ್ಲ.

ಬೇರೆಯಾದ ಮೇಲೆ ಅವಳು ಒಂದು ದಿನ ಹೋದಳು, ನಾನು ಇನ್ನೊಂದು ದಿನ. ಏನು ಕಂಡೆ ಎಂದು ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳದೆ ಹೊಟ್ಟೆ ಉಬ್ಬಿ ಸಾಯುತ್ತಿದ್ದೆ. ನಾನು ಹೋದ ದಿನ ಹೆಣ್ಣು ಹಕ್ಕಿ ಹುಲ್ಲಿನಲ್ಲಿ ಮೆಲ್ಲಗೆ ನಡೆಯುತ್ತಿತ್ತು. ಅದರ ಹಿಂದೆ ಒಣ ಮಣ್ಣಿನ ಬಣ್ಣದ ಒಂದು ಮರಿ, ಹಾರಲು ಬಾರದ್ದು. ತಾಯಿ ನಿಂತರೆ ಅದೂ ನಿಲ್ಲುತ್ತಿತ್ತು. ಕಟ್ಟೆಯ ಮೇಲೆ ಬೇರೆ ಊರಿನ ತಿದ್ದಪ್ಪ ಬಂದು ನಮ್ಮನ್ನು ಬೇರೆ ಬೇರೆ ಕೂರಿಸಿ ಕೇಳಿದಾಗ ಅಕ್ಕ ಹೇಳಿದ್ದೂ ಅದೇ, ತಾಯಿ ಮತ್ತು ಮರಿ. ಓದಾಳಿ ಎರಡು ಬಾಯಿ ಸಿಕ್ಕವು ಎಂದು ಒಪ್ಪಿತು. ಎರ್ರಿಸ್ವಾಮಿ ಕೂಡ ಖುಷಿಯಿಂದ ಚಪ್ಪಾಳೆ ತಟ್ಟಿದ. ಉಳಿದದ್ದು ಅಕ್ಷರ.

ಅದು ನಿಮ್ಮಿಂದ ಬರಬೇಕು. ತಾನು ಹೇಳಿದ್ದನ್ನು ತಾನೇ ತಿದ್ದಿದರೆ ಅದಕ್ಕಿಂತ ಗಟ್ಟಿ ಅಕ್ಷರವಿಲ್ಲ. ಅದೇ ಎರೆಮಣ್ಣು ಎಂಬ ಹೆಸರಿನಲ್ಲಿ ಇನ್ನೊಂದು ಸಾಲು ಬರೆಯಿರಿ: ಜೋಡಿ ಜಾಲಿಯ ಎರೆಯಲ್ಲಿ ಎರೆಭೂತ ಇದೆ, ನಾನು ಕಂಡಿದ್ದೇನೆ. ಅಷ್ಟೇ ಸಾಕು. ಬಂದೂಕಿನವರ ಭಯ ನಿಮಗೆ ಇನ್ನೂ ಇದೆಯೆಂದು ಬಲ್ಲೆ, ಅದಕ್ಕೆ ಒಂದು ಉಪಾಯ ಹೇಳುತ್ತೇನೆ. ಹಕ್ಕಿಯವರ ಪುಟದಲ್ಲಿ ಬರೆಯಬೇಡಿ. ನಿಮ್ಮ ಕಾಲದಲ್ಲಿ ಪಂಕ್ಚರ್ ಅಂಗಡಿಗೂ ಜನ ನಕ್ಷತ್ರ ಕೊಟ್ಟು ಹೊಗಳಿಕೆ ಬರೆಯುತ್ತಿದ್ದರಂತಲ್ಲ, ಅಂಥ ಯಾವುದೋ ಅಂಗಡಿಯ ಕೆಳಗೆ, ಗಾಳಿ ಚೆನ್ನಾಗಿ ಹಾಕುತ್ತಾರೆ ಎಂಬ ಮಾತಿನ ಜೊತೆಗೆ ಬರೆದುಬಿಡಿ. ಹಕ್ಕಿ ಹೊಡೆಯುವವನು ಅಲ್ಲಿಗೆ ಹುಡುಕಿಕೊಂಡು ಬರುವುದಿಲ್ಲ. ನಿಮ್ಮ ಕಾಲದಲ್ಲಿ ಅದನ್ನು ಯಾರೂ ಓದುವುದಿಲ್ಲ. ಓದಾಳಿ ಓದುತ್ತದೆ, ಅದು ಏನನ್ನೂ ಬಿಡುವುದಿಲ್ಲ.

ಒಮ್ಮೊಮ್ಮೆ ಅನಿಸುತ್ತದೆ, ನೀವು ಆಗಲೇ ಬರೆದಿರಬಹುದು, ಓದಾಳಿ ಅಲ್ಲಿಗಿನ್ನೂ ಮುಟ್ಟಿಲ್ಲ ಅಷ್ಟೇ. ಅದಕ್ಕೇ ದಿನಾ ಸಂಜೆ ಕಿವಿಯಿಟ್ಟು ಕೇಳುತ್ತೇನೆ. ನಿನ್ನೆ ನಿಮ್ಮ ವರ್ಷಗಳ ಅಡುಗೆ ಚಿತ್ರಗಳ ಕೆಳಗಿನ ಮಾತುಗಳನ್ನು ಓದುತ್ತಿತ್ತು. ಎಣ್ಣೆಗಾಯಿಗೆ ಗುರೆಳ್ಳು ಹಾಕಬೇಕು ಎಂದಿತು, ಇಡೀ ಕಟ್ಟೆ ಹೌದು ಅಂದಿತು. ಇದು ಮುಗಿದ ಮೇಲೆ ಗಾಡಿ ರಿಪೇರಿ ಅಂಗಡಿಗಳಂತೆ. ಆರಿದ್ರೆಯೇ ಇಷ್ಟು ಎಳೆದ ಮೇಲೆ ಹಸ್ತ ಮಳೆಗೆ ಇನ್ನು ಹೆಚ್ಚು ಕಾಲವಿಲ್ಲ. ಆ ಮರಿಯ ರೆಕ್ಕೆ ಇನ್ನೂ ಬಲಿತಿಲ್ಲ.

ಇದನ್ನು ಬರೆಯುತ್ತಿರುವಾಗ ಗೋಡೆಯಾಚೆ ಅಕ್ಕ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಎರಡೇ ರೊಟ್ಟಿ ಬಡಿದು ನಿಲ್ಲಿಸುತ್ತಾಳೆ, ಒಬ್ಬಳಿಗೆ ಅಷ್ಟೇ ಸಾಕು. ಇವತ್ತೂ ಅವಳ ಪಲ್ಯಕ್ಕೆ ಉಪ್ಪು ಹೆಚ್ಚಾಗಿರುತ್ತದೆ, ಇವತ್ತೂ ನನ್ನ ರೊಟ್ಟಿ ತವದ ಮೇಲೇ ಹರಿದಿದೆ. ನನ್ನ ಕಡೆ ಇಬ್ಬರಿಗಾಗುವಷ್ಟು ಪಲ್ಯ ಮಾಡಿಟ್ಟಿದ್ದೇನೆ, ಕೈಗೆ ಹಳೆಯ ಅಳತೆ ಬಿಟ್ಟುಹೋಗಿಲ್ಲ. ಅದು ಆರುತ್ತಿದೆ. ಬೇಗ ಬರೆಯಿರಿ.

ನೀಲಗಂಗಮ್ಮ